ಹೆಂಚಿಗೆ ದಾನಿಗಳಿದ್ದಾರೆ, ಹಾಡಿಗೆ?

ಮಲೆನಾಡಿನಲ್ಲಿ ಹಳೆಯ ಮನೆಯೊಂದು ಸೋರುತ್ತಿದೆ ಎಂದರೆ ನೆರವಿಗೆ ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಒಬ್ಬರು ಹೆಂಚು ಕೊಡಿಸುತ್ತಾರೆ, ಇನ್ನೊಬ್ಬರು ಬೀಟೆ ಕಂಬಕ್ಕೆ ಪಾಲಿಷ್ ಹಾಕಿಸುತ್ತಾರೆ, ಶಾಸಕರ ನಿಧಿಯಿಂದ ಕಾಂಪೌಂಡ್ ಗೋಡೆ ಏಳುತ್ತದೆ, ಕೊನೆಗೆ ಎಲ್ಲರ ಹೆಸರು ಕೆತ್ತಿದ ಗ್ರಾನೈಟ್ ಫಲಕವೂ ಕೂರುತ್ತದೆ. ಅದೇ ಮನೆಯ ಜಗಲಿಯಲ್ಲಿ ವರ್ಷಕ್ಕೆ ಎಂಟು ಕಾರ್ಯಕ್ರಮ ಮಾಡಬೇಕು, ಸರ್ಕಾರಿ ಶಾಲೆಯ ಮಕ್ಕಳನ್ನು ಬಸ್ಸು ಮಾಡಿ ಕರೆತರಬೇಕು, ಸುಗ್ಗಿ ಪದ ಬಲ್ಲ ಅಜ್ಜಿಗೆ ಸಂಭಾವನೆ ಕೊಡಬೇಕು ಎಂದು ಕೇಳಿ ನೋಡಿ. ಫಲಕದಲ್ಲಿ ಹೆಸರಿದ್ದವರ ಫೋನ್ ಸದಾ ಬಿಜಿ.

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಗೆ ಈ ಮಾತು ಈಗ ತುರ್ತಿನದು. ಇಲ್ಲಿ ಎರಡು ಬಗೆಯ ಹಳೆಯ ಮನೆಗಳಿವೆ. ಒಂದು, ಗೌಡ ಮನೆತನಗಳ ತೊಟ್ಟಿಮನೆ: ನಡುವೆ ಬಯಲು, ಸುತ್ತ ಜಗಲಿ, ಮೇಲೆ ಅಟ್ಟ. ಇನ್ನೊಂದು, ಮಂಜರಾಬಾದ್ ಎಂದು ಸಕಲೇಶಪುರ ತಾಲ್ಲೂಕನ್ನು ಕರೆಯುತ್ತಿದ್ದ ಕಾಲದಲ್ಲಿ ಕಾಫಿ ಬೆಳೆಯಲು ಬಂದ ಬಿಳಿಯರ ಬಂಗಲೆ. ಅವರಲ್ಲೊಬ್ಬ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಇಲ್ಲಿ ತೋಟ ಮಾಡಿ, 1871 ಮತ್ತು 1894ರಲ್ಲಿ ಈ ಸೀಮೆಯ ಅನುಭವಗಳ ಪುಸ್ತಕಗಳನ್ನೇ ಪ್ರಕಟಿಸಿದ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಘಟ್ಟದ ಮೇಲಿನ ಸೂರುಗಳಿಗೂ ಮಂಗಳೂರು ಹೆಂಚು ಬಂತು.

ಈಗ ತೊಟ್ಟಿಮನೆಗಳು ಪಾಲಾಗುತ್ತಿವೆ, ಮಕ್ಕಳು ಬೆಂಗಳೂರು ಸೇರಿದ್ದಾರೆ, ಬಂಗಲೆಗಳಲ್ಲಿ ಅನೇಕವು ಹೋಂಸ್ಟೇಗಳಾಗಿವೆ. ಹೋಂಸ್ಟೇಯನ್ನು ಹಳಿಯುವುದು ಸುಲಭ, ಆದರೆ ಎಷ್ಟೋ ಸೂರುಗಳು ಉಳಿದಿರುವುದು ಅದರ ಬಾಡಿಗೆಯಿಂದಲೇ. ತೊಡಕು ಬೇರೆ ಕಡೆ ಇದೆ. ಶನಿವಾರ ಬರುವ ಅತಿಥಿಗೆ ಮನೆಯ ಅಟ್ಟದವರೆಗೂ ಪ್ರವೇಶವುಂಟು, ಅದೇ ಊರಿನ ಏಳನೇ ತರಗತಿಯ ಹುಡುಗಿಗೆ ಗೇಟಿನಾಚೆ ಏನಿದೆಯೆಂದು ಗೊತ್ತಿಲ್ಲ. ಊರಿನವರಿಗೆ ತೆರೆಯದ ಪಾರಂಪರಿಕ ಮನೆಗೆ ಊರಿನ ಹಣ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ನಿಧಿ ಎತ್ತುವವರು ಮೊದಲು ಕಾರ್ಯಕ್ರಮಕ್ಕೆ ಎತ್ತಬೇಕು, ಗಾರೆ ಕೆಲಸಕ್ಕೆ ಆಮೇಲೆ.

ಈ ಜಿಲ್ಲೆಗೆ ಇದು ಹೊಸ ಪಾಠವೂ ಅಲ್ಲ. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ ಕಾಲದ ದಾನಶಾಸನಗಳನ್ನು ಲೆಕ್ಕಪತ್ರವೆಂದು ಓದಿದರೆ ವಿಷಯ ತಿಳಿಯುತ್ತದೆ. ದೇವರ ಪೂಜೆ, ಅಲಂಕಾರದ ಅಂಗಭೋಗಕ್ಕೆ ಇಷ್ಟು, ಹಾಡು, ಕುಣಿತದ ರಂಗಭೋಗಕ್ಕೆ ಇಷ್ಟು, ನಂದಾದೀಪಕ್ಕೆ ಇಷ್ಟು, ಜೀರ್ಣೋದ್ಧಾರಕ್ಕೆ ಇಷ್ಟು ಎಂದು ಭೂಮಿಯನ್ನೋ ಊರಿನ ಹುಟ್ಟುವಳಿಯನ್ನೋ ಬಿಟ್ಟುಕೊಡುತ್ತಿದ್ದರು. ಕಲ್ಲು ಕೆತ್ತಿಸಿದವರೇ ಅದರೊಳಗೆ ಹಾಡು, ಕುಣಿತ ನಿಲ್ಲದಂತೆ ವರ್ಷದ ಆದಾಯವನ್ನೂ ಗೊತ್ತು ಮಾಡಿದ್ದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದಾಗ ಜಿಲ್ಲೆ ಸಂಭ್ರಮಿಸಿತು. ಆ ಶಾಸನಗಳ ಹಣಕಾಸಿನ ಜಾಣತನ ಮಾತ್ರ ಯಾರ ಭಾಷಣದಲ್ಲೂ ಸುಳಿಯಲಿಲ್ಲ.

ಕರ್ನಾಟಕದಲ್ಲಿ ಮನೆಯನ್ನು ಸ್ಮಾರಕವಾಗಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದಾಗ ಗದ್ದಲವೆದ್ದು, ಸಾರ್ವಜನಿಕ ಹಣದಿಂದ ಅದನ್ನು ಉಳಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಗಡಿಯಾಚೆಗಿನ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಕೇರಳ, ಕರ್ನಾಟಕ ಎರಡೂ ಸರ್ಕಾರಗಳ ನೆರವಿನಿಂದ ‘ಗಿಳಿವಿಂಡು’ ಆಗಿ 2017ರಲ್ಲಿ ತೆರೆದುಕೊಂಡಿತು. ಇಂಥಲ್ಲೆಲ್ಲ ಉದ್ಘಾಟನೆಯ ದಿನದವರೆಗಿನ ಖರ್ಚು ಯಾವುದೋ ಒಂದು ಆಯವ್ಯಯದಲ್ಲಿ ಸಿಗುತ್ತದೆ. ಮರುದಿನದಿಂದ ದೀಪ, ಕಾವಲು, ಗ್ರಂಥಪಾಲಕ, ವಿಚಾರಗೋಷ್ಠಿಯ ಊಟ ಯಾರ ತಲೆಗೆ ಎಂಬುದು ಪ್ರತಿ ವರ್ಷ ಹೊಸದಾಗಿ ಕೇಳಬೇಕಾದ ಪ್ರಶ್ನೆಯಾಗುತ್ತದೆ. ಇಲಾಖೆಯ ವಾರ್ಷಿಕ ಅನುದಾನ ಕಾಯುವ ಟ್ರಸ್ಟುಗಳ ಸಂಕಟ ಸಾಂಸ್ಕೃತಿಕ ವಲಯದಲ್ಲಿ ಯಾರಿಗೂ ಹೊಸತಲ್ಲ.

ಕುವೆಂಪು ಅವರ ಊರಾದ ಕುಪ್ಪಳಿ ಬೇರೆ ದಾರಿ ಹಿಡಿಯಿತು. 1992ರಲ್ಲಿ ಹುಟ್ಟಿದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಕವಿಮನೆಯನ್ನು ಎತ್ತಿ ನಿಲ್ಲಿಸಿತು. ಅಲ್ಲಿನ ಗುಡ್ಡ ಕವಿಶೈಲದ ಶಿಲಾವಿನ್ಯಾಸ ಮಾಡಿದವರು ಹಾಸನದವರೇ ಆದ ಕಲಾವಿದ ಕೆ.ಟಿ. ಶಿವಪ್ರಸಾದ್. ಪ್ರತಿಷ್ಠಾನ ಅಷ್ಟಕ್ಕೆ ನಿಲ್ಲದೆ ಸಭಾಂಗಣ ಕಟ್ಟಿತು, ಶಿಬಿರ ನಡೆಸಿತು, ಪುಸ್ತಕ ಮಾರಿತು, ಪ್ರವೇಶಕ್ಕೆ ಟಿಕೆಟ್ ಇಟ್ಟಿತು, 2013ರಿಂದ ಕುವೆಂಪು ಹೆಸರಿನ ರಾಷ್ಟ್ರೀಯ ಪುರಸ್ಕಾರ ಕೊಡತೊಡಗಿತು. ಸರ್ಕಾರದ ಹಣ ಅಲ್ಲೂ ಇದೆ. ಆದರೆ ಬೀಗ ತೆಗೆಯಲು ಆ ಹಣ ಬರಲೆಂದು ಯಾರೂ ಕಾಯುವುದಿಲ್ಲ. 2015ರಲ್ಲಿ ಕವಿಮನೆಯಿಂದ ಪದ್ಮ ಪದಕಗಳು ಕಳವಾದಾಗ ಇಡೀ ನಾಡು ನೊಂದಿದ್ದಕ್ಕೂ ಕಾರಣವಿದೆ: ಅಷ್ಟು ಹೊತ್ತಿಗೆ ಶಾಲಾ ಪ್ರವಾಸದ ಮಕ್ಕಳ ಮೂಲಕ ಆ ಮನೆ ಊರೂರಿನವರಿಗೆ ತಮ್ಮದಾಗಿತ್ತು.

ಹೊರನಾಡಿನ ಎರಡು ಪ್ರಸಂಗಗಳು ಇಲ್ಲಿಗೆ ಸಲ್ಲುತ್ತವೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆ ಪಾಳುಬೀಳುತ್ತಿದ್ದಾಗ ಆನ್ ಪಮೇಲಾ ಕನಿಂಗ್‌ಹ್ಯಾಮ್ ಎಂಬಾಕೆ 1853ರಲ್ಲಿ ಮಹಿಳೆಯರ ಸಂಘ ಕಟ್ಟಿ, ಊರೂರಿನಿಂದ ಚಂದಾ ಎತ್ತಿ, 2 ಲಕ್ಷ ಡಾಲರಿಗೆ ಮನೆಯನ್ನೂ ಸುತ್ತಲಿನ 200 ಎಕರೆ ಜಮೀನನ್ನೂ ಕೊಂಡಳು. ಆ ಸಂಘ ಇವತ್ತಿಗೂ ಸರ್ಕಾರದ ಹಣ ಮುಟ್ಟದೆ ಮನೆ ನಡೆಸುತ್ತಿದೆ. ಹಳೆಯ ಮನೆಗಳನ್ನು ಕಾಪಾಡುವ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ 1895ರದು. ಹಳೆಯ ಬಂಗಲೆಯ ಯಜಮಾನ ಮನೆಯನ್ನು ಪುಕ್ಕಟೆ ಕೊಡುತ್ತೇನೆಂದರೂ ಅದು ಥಟ್ಟನೆ ಒಪ್ಪುವುದಿಲ್ಲ. ಮುಂದಿನ ದಶಕಗಳ ಖರ್ಚನ್ನು ಸೂತ್ರ ಹಾಕಿ ಲೆಕ್ಕಹಾಕಿ, ಅಷ್ಟಕ್ಕೆ ಸಾಲುವ ದತ್ತಿಯೂ ಜೊತೆಗೆ ಬರಬೇಕೆನ್ನುತ್ತದೆ. ಬರಿಯ ಮನೆ ದಾನವಲ್ಲ, ಹೊರೆ ಎಂಬುದು ಅವರಿಗೆ ಕೈಸುಟ್ಟುಕೊಂಡು ಗೊತ್ತಾಗಿದೆ.

ಚಂದಾ, ದತ್ತಿ ಎರಡೂ ನಮ್ಮವರಿಗೆ ಹೊಸದೇನಲ್ಲ. ಸಕಲೇಶಪುರದ ಹಳ್ಳಿಗಳಲ್ಲಿ ಸುಗ್ಗಿ ಬಂತೆಂದರೆ ಮನೆಮನೆಯಿಂದ ವಂತಿಗೆ ಎತ್ತುತ್ತಾರೆ, ಲೆಕ್ಕವನ್ನು ಊರ ಮುಂದೆ ಒಪ್ಪಿಸುತ್ತಾರೆ. ಇದೇ ತಾಲ್ಲೂಕಿನ ರಕ್ಷಿದಿ–ಬೆಳ್ಳೇಕೆರೆಯಲ್ಲಿ ಜೈ ಕರ್ನಾಟಕ ಸಂಘದ ಹೆಸರಿನಲ್ಲಿ ರೈತರೂ ತೋಟದ ಕೂಲಿಗಳೂ ಸೇರಿ ವರ್ಷಗಟ್ಟಲೆ ನಾಟಕ ಕಟ್ಟಿದರು. ಆ ಕಥೆಯನ್ನು ಪ್ರಸಾದ್ ರಕ್ಷಿದಿ ‘ಬೆಳ್ಳೇಕೆರೆ ಹಳ್ಳಿ ಥೇಟರ್’ ಪುಸ್ತಕದಲ್ಲಿ ಬರೆದಿದ್ದಾರೆ. ದತ್ತಿಗೆ 1915ರ ಕನ್ನಡ ಸಾಹಿತ್ಯ ಪರಿಷತ್ತು ದೊಡ್ಡ ಉದಾಹರಣೆ. ತಂದೆ ತಾಯಿಯ ಹೆಸರಿನಲ್ಲಿ ಒಂದಿಷ್ಟು ಹಣ ಇಟ್ಟು, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸಿ ಎನ್ನುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆ ಪದ್ಧತಿಯ ದೋಷವೂ ಕಣ್ಣಮುಂದಿದೆ: ಮೂವತ್ತು ವರ್ಷದ ಹಿಂದೆ ಇಟ್ಟ ಐದು ಸಾವಿರದ ಬಡ್ಡಿ ಇವತ್ತು ಉಪನ್ಯಾಸಕರ ಪೆಟ್ರೋಲಿಗೂ ಸಾಲದು. ಬಡ್ಡಿಯಲ್ಲಿ ಒಂದು ಪಾಲನ್ನು ಮೂಲಧನಕ್ಕೆ ಸೇರಿಸುವ ಷರತ್ತನ್ನು ಮೊದಲೇ ಬರೆದಿಟ್ಟರೆ ಆ ಕೊರತೆ ಅಷ್ಟಿಷ್ಟು ನೀಗುತ್ತದೆ.

ಹಾಗಾದರೆ ಒಂದು ಮನೆಗೆ ವರ್ಷಕ್ಕೆ ಎಷ್ಟು ಬೇಕು? ಅಂದಾಜು ಹಾಕೋಣ. ಎಂಟು ಕಾರ್ಯಕ್ರಮ, ಒಂದಕ್ಕೆ 20,000 ರೂಪಾಯಿಯಂತೆ 1.6 ಲಕ್ಷ. ಅರ್ಧ ದಿನ ಕೆಲಸ ಮಾಡುವ ಒಬ್ಬ ನಿರ್ವಾಹಕರಿಗೆ ತಿಂಗಳಿಗೆ 10,000ದಂತೆ 1.2 ಲಕ್ಷ. ಶಾಲೆಗಳಿಗೆ ಹತ್ತು ಬಸ್ಸು, 6,000ದಂತೆ 60,000. ಒಟ್ಟು 3.4 ಲಕ್ಷ. ಬರುವುದು ಎಲ್ಲಿಂದ? ಮುನ್ನೂರು ಮನೆ ವರ್ಷಕ್ಕೆ 500 ರೂಪಾಯಿ ವಂತಿಗೆ ಕೊಟ್ಟರೆ 1.5 ಲಕ್ಷ. ಹತ್ತು ಲಕ್ಷದ ದತ್ತಿಗೆ ಶೇ 7ರ ಬಡ್ಡಿ ಸಿಕ್ಕರೆ 70,000. ಮನೆಯ ಎರಡು ಕೋಣೆಗಳನ್ನು ವರ್ಷದಲ್ಲಿ ನಲವತ್ತು ರಾತ್ರಿ ಬಾಡಿಗೆಗೆ ಕೊಟ್ಟು, ರಾತ್ರಿಗೆ 1,500 ನಿಧಿಗೆ ಸೇರಿಸಿದರೆ 60,000. ಉಳಿದ 60,000 ಟಿಕೆಟ್ಟು, ಕಾಫಿಪುಡಿ, ಮೆಣಸು, ಪುಸ್ತಕದ ಮಾರಾಟದಿಂದ ಬರಬೇಕು. ಕೋಟಿಗಳ ಮಾತೇ ಇಲ್ಲ. ತಾಲ್ಲೂಕಿನಲ್ಲಿ ಒಂದು ಅದ್ದೂರಿ ಮದುವೆಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಕಾರ್ಯಕ್ರಮ ಇಡುವ ಹೊತ್ತೂ ವಂತಿಗೆ ಕೇಳುವ ಹೊತ್ತೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿನ ಅತಿಥಿ ಬರುವಂತಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲು, ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಕಾರ್ಯಕ್ರಮಕ್ಕೆ ಸಿಗುವುದು ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್‌ನಿಂದ ಮೇ. ವಂತಿಗೆ ಕೇಳಲು ಕುಯ್ಲು ಮುಗಿದು ಕಾಫಿ ಮಾರಿ ಕೈಗೆ ದುಡ್ಡು ಬಂದ ಹೊತ್ತೇ ಸರಿ. 2024–25ರಲ್ಲಿ ಕಾಫಿ ಬೆಲೆ ದಾಖಲೆ ಮುಟ್ಟಿದಾಗಲೇ ಇಂಥದೊಂದು ನಿಧಿ ಹುಟ್ಟಬೇಕಿತ್ತು. ಇನ್ನು ಆಲೂರು ಕಡೆ ಸಂಜೆ ಕಾರ್ಯಕ್ರಮ ಇಡುವುದೇ ತಪ್ಪು. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಕಾಟ ನಿಂತಿಲ್ಲ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಮಕ್ಕಳನ್ನು ಕಳಿಸಲು ಯಾವ ತಾಯಿಯೂ ಒಪ್ಪಳು. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನದ ಊಟ, ಮೂರೂವರೆಗೆ ಬಸ್ಸು. ಊಟದ ಖರ್ಚು ಬಜೆಟ್ಟಿನಲ್ಲಿ ಇರಲೇಬೇಕಾದದ್ದು ಇದಕ್ಕೇ.

ದೊಡ್ಡ ದಾನಿಗಳನ್ನು ಬಿಡಬೇಕಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕು. ಅದರ ಏಳನೇ ಅನುಸೂಚಿಯಲ್ಲಿ ಪಾರಂಪರಿಕ ಕಟ್ಟಡಗಳ ಜೀರ್ಣೋದ್ಧಾರ ಮಾತ್ರವಲ್ಲ, ಕಲೆ, ಸಂಸ್ಕೃತಿ, ಸಾರ್ವಜನಿಕ ಗ್ರಂಥಾಲಯಗಳೂ ಇವೆ. ಆದರೆ ಕಂಪನಿಗೆ ಫೋಟೊ ಬೇಕು. ದುರಸ್ತಿಯ ಮೊದಲು, ದುರಸ್ತಿಯ ನಂತರ. ಇಂತಿಷ್ಟು ಸೂರಿಗೆ ಕೊಟ್ಟರೆ ಅದರ ಕಾಲುಭಾಗವನ್ನಾದರೂ ಐದು ವರ್ಷದ ಕಾರ್ಯಕ್ರಮಕ್ಕೆ ಕೊಡಬೇಕೆಂದು ಮನೆ ನಡೆಸುವ ಟ್ರಸ್ಟೇ ಷರತ್ತು ಹಾಕಬೇಕು. ಸಣ್ಣ ದಾನಿಗಳಿಗೆ ತೆರಿಗೆ ವಿನಾಯಿತಿಯ ರಸೀದಿ ಕೊಡುವ ನೋಂದಣಿಯೂ ಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿಯಿಲ್ಲ ಎಂಬುದನ್ನು ರಸೀದಿ ಪುಸ್ತಕ ಹಿಡಿದು ಹೊರಡುವ ಹುಡುಗರಿಗೆ ಮೊದಲೇ ಹೇಳಿಕೊಡಬೇಕು.

ಆಕ್ಷೇಪಗಳಿವೆ, ತೂಕದವೇ ಇವೆ. ಗೌಡರ ಮನೆಗೆ, ದೊರೆಯ ಬಂಗಲೆಗೆ ಕೂಲಿಯವನೇಕೆ ಐನೂರು ಕೊಡಬೇಕು? ಕೊಡಬೇಕಿಲ್ಲ, ಅವನ ಲೈನ್ ಮನೆಯ ಕಥೆ ಅಲ್ಲಿ ಹೇಳದಿದ್ದರೆ ಬರಲೂಬೇಕಿಲ್ಲ. ಮೌಂಟ್ ವರ್ನನ್ನಿನಲ್ಲೇ ವಾಷಿಂಗ್ಟನ್ನನ ಗುಲಾಮರ ಬದುಕಿನ ದೊಡ್ಡ ಪ್ರದರ್ಶನ ತೆರೆದದ್ದು 2016ರಲ್ಲಿ, ಮನೆ ಸಂಘದ ಕೈಗೆ ಬಂದು ನೂರೈವತ್ತು ವರ್ಷಗಳ ಮೇಲೆ. ಇಲ್ಲಿ ಅಷ್ಟು ಕಾಯಬಾರದು. ಗಿಡ ನೆಟ್ಟವರು, ಹಣ್ಣು ಕುಯ್ದವರು, ಘಟ್ಟದ ಕೆಳಗಿನಿಂದ ಬಂದವರು, ತಮಿಳು ಮಾತಾಡುವವರು, ಊರಿನ ದಲಿತ ಕೇರಿಯವರು: ಮೊದಲ ವರ್ಷದ ಎಂಟರಲ್ಲಿ ಎರಡು ಕಾರ್ಯಕ್ರಮ ಇವರ ನೆನಪುಗಳನ್ನು ದಾಖಲಿಸಲು ಮೀಸಲಿರಲಿ. ಜಗಲಿಯಿಂದ ಒಳಮನೆಯವರೆಗೆ ಎಲ್ಲ ಜಾತಿಯವರಿಗೂ ಪ್ರವೇಶ ಎಂಬುದು ಟ್ರಸ್ಟಿನ ಕರಾರಿನಲ್ಲೇ ಬರೆದಿರಲಿ. ಒಂದು ಕಾರ್ಯಕ್ರಮವನ್ನು ಸಕಲೇಶಪುರದಲ್ಲೇ ಹುಟ್ಟಿ ಊರೂರು ಅಲೆದು ಪದ ಕಲೆಹಾಕಿದ ‘ಜಾನಪದ ಜಂಗಮ’ ಎಸ್.ಕೆ. ಕರೀಂಖಾನ್ ಅವರ ಹೆಸರಿನಲ್ಲಿ ನಡೆಸಬಹುದು.

ಇನ್ನೊಂದು ಅನುಮಾನ: ಊರು ಹಣ ಹಾಕಿದ ಮೇಲೆ ಮನೆಯವರು ಮಾರಿಕೊಂಡರೆ? ಇದಕ್ಕೆ ನಂಬಿಕೆಯ ಮಾತು ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯ ಮುದ್ರೆ ಬೇಕು. ಕನಿಷ್ಠ ಮೂವತ್ತು ವರ್ಷದ ನೋಂದಾಯಿತ ಗುತ್ತಿಗೆ, ಮನೆತನದವರಿಗಿಂತ ಹೊರಗಿನವರೇ ಹೆಚ್ಚಿರುವ ಟ್ರಸ್ಟು, ಅದರಲ್ಲಿ ಒಬ್ಬ ಶಿಕ್ಷಕಿ, ಒಬ್ಬ ತೋಟ ಕಾರ್ಮಿಕರ ಪ್ರತಿನಿಧಿ ಕಡ್ಡಾಯ. ಒಪ್ಪದ ಮನೆತನ ತನ್ನ ಮನೆಯನ್ನು ಹೋಂಸ್ಟೇ ಆಗಿಯೇ ನಡೆಸಲಿ, ತಪ್ಪೇನಿಲ್ಲ, ವಂತಿಗೆ ಕೇಳದಿದ್ದರಾಯಿತು.

ಬೆಳೆಗಾರರ ಸಂಘಗಳು, ತಾಲ್ಲೂಕು ಸಾಹಿತ್ಯ ಪರಿಷತ್ತು, ಶಾಲಾ ಮುಖ್ಯ ಶಿಕ್ಷಕರು ಒಂದು ದಿನ ಕೂತರೆ ಎರಡೂ ತಾಲ್ಲೂಕಿಗೆ ಒಂದೊಂದು ಮನೆ ಗೊತ್ತುಮಾಡುವುದು ಕಷ್ಟವಲ್ಲ. ಸರ್ಕಾರದಿಂದ ಕೇಳಬೇಕಾದದ್ದೂ ಸ್ಪಷ್ಟ: ಊರು ಕೂಡಿಸಿದ ಪ್ರತಿ ರೂಪಾಯಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇನ್ನೊಂದು ರೂಪಾಯಿ ಸೇರಿಸಲಿ, ಅದು ದತ್ತಿಗೇ ಹೋಗಲಿ, ಗೋಡೆಗಲ್ಲ. ಮುಂದಿನ ಕುಯ್ಲಿನ ದುಡ್ಡು ಕೈಸೇರುವ ಮಾರ್ಚ್ ಒಳಗೆ ರಸೀದಿ ಪುಸ್ತಕ ಅಚ್ಚಾಗಬೇಕು, ಎಂಟು ಕಾರ್ಯಕ್ರಮಗಳ ಪಟ್ಟಿ ದಿನಾಂಕ ಸಮೇತ ಅದರ ಬೆನ್ನಿಗೇ ಮುದ್ರಣವಾಗಿರಬೇಕು.