ಅಲ್ಪ ವಿಷವೆಂಬ ಮಿಥ್ಯೆ

ವಿಷವು ಅಲ್ಪ ಪ್ರಮಾಣದಲ್ಲಿದ್ದರೆ ಅದು ವಿಷವೇ ಅಲ್ಲ ಎಂಬ ವಾದವು ವ್ಯಾಪಾರಲೋಕದಲ್ಲಿ ಬಹಳ ಹಳೆಯದು. ‘ಇದರಿಂದ ಸತ್ತವರನ್ನು ಮೊದಲು ತೋರಿಸಿರಿ’ ಎಂಬುದು ಈ ವಾದಿಗಳ ಸವಾಲು. ಸೀಸವೆಂಬ ಲೋಹದ ನೂರು ವರ್ಷಗಳ ಇತಿಹಾಸವು ಈ ವಾದದ ಪೊಳ್ಳುತನವನ್ನು ಬಯಲಿಗೆಳೆದಿದೆ. ಆದರೂ ಅದೇ ಮಾತು ಇಂದಿಗೂ ಕೇಳಿಬರುತ್ತಿರುವುದು ವಿಷಾದಕರ.

1920ರ ದಶಕದಲ್ಲಿ ಅಮೆರಿಕದಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪದ್ಧತಿ ಆರಂಭವಾಯಿತು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಮತಿಭ್ರಮಣೆಗೊಳಗಾಗಿ ಮೃತರಾದರು. ಆದರೂ ಉದ್ಯಮದ ವೈದ್ಯಕೀಯ ಸಲಹೆಗಾರ ರಾಬರ್ಟ್ ಕೀಹೋ, ಸೀಸವು ಮಾನವದೇಹದಲ್ಲಿ ಸಹಜವಾಗಿಯೇ ಇರುವುದೆಂದೂ ಒಂದು ಮಿತಿಯ ಕೆಳಗೆ ನಿರಪಾಯಕಾರಿಯೆಂದೂ ದಶಕಗಳ ಕಾಲ ಪ್ರತಿಪಾದಿಸಿದರು. ಹಾನಿಯನ್ನು ಸಾಬೀತುಪಡಿಸುವ ಹೊಣೆ ಮಾರುವವನದಲ್ಲ, ಉಸಿರಾಡುವವನದು ಎಂಬಂತಾಯಿತು.

ಈ ವಾದವನ್ನು 1965ರಲ್ಲಿ ಪ್ರಶ್ನಿಸಿದವರು ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಆಧುನಿಕ ಮನುಷ್ಯನ ದೇಹದಲ್ಲಿರುವ ಸೀಸವು ಪ್ರಕೃತಿದತ್ತವಲ್ಲ, ಕೈಗಾರಿಕೆಯ ಕೊಡುಗೆ ಎಂದು ಅವರು ತೋರಿಸಿದರು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸ್ ರಾಜ್ಯದ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿನ ಸೀಸವನ್ನು ಅಳೆದರು. ಯಾವ ರೋಗಲಕ್ಷಣವೂ ಇಲ್ಲದ ಮಕ್ಕಳಲ್ಲಿಯೇ, ಸೀಸ ಹೆಚ್ಚಿದ್ದವರ ಬುದ್ಧಿಶಕ್ತಿಯ ಅಂಕಗಳು ಕಡಿಮೆಯಾಗಿದ್ದವು; ಏಕಾಗ್ರತೆಯೂ ಕುಂದಿತ್ತು. ಈ ಸತ್ಯಕ್ಕೆ ನೀಡಲ್‌ಮನ್ ತೆತ್ತ ಬೆಲೆಯೆಂದರೆ ವಂಚನೆಯ ಆರೋಪ. 1992ರ ವಿಚಾರಣೆಯಲ್ಲಿ ಅವರು ದೋಷಮುಕ್ತರಾದರು.

ಸೀಸವು ದೇಹದಲ್ಲಿ ಕ್ಯಾಲ್ಸಿಯಂನ ವೇಷ ಧರಿಸಿ, ಬೆಳೆಯುತ್ತಿರುವ ಮಿದುಳನ್ನು ಪ್ರವೇಶಿಸಿ, ನರಕೋಶಗಳ ನಡುವಿನ ಸಂದೇಶ ವಿನಿಮಯವನ್ನು ಕೆಡಿಸುತ್ತದೆ. ಹೀಗೆ ಕುಂದಿದ ಬುದ್ಧಿಯನ್ನು ಮರಳಿ ಕೊಡುವ ಔಷಧವಿಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲಿ ಮಗುವಿನ ರಕ್ತದ ಒಂದು ಡೆಸಿಲೀಟರಿನಲ್ಲಿ 60 ಮೈಕ್ರೋಗ್ರಾಂ ಸೀಸದವರೆಗೆ ಚಿಂತೆಯಿಲ್ಲವೆಂದು ಭಾವಿಸಲಾಗಿತ್ತು. ಎಚ್ಚರಿಕೆಯ ಆ ಗಡಿ 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಸುರಕ್ಷಿತವೆನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಹಾಗಾದರೆ ನಿನ್ನೆಯವರೆಗೆ ‘ಅಲ್ಪ’ವೆನಿಸಿಕೊಂಡದ್ದು ಎಷ್ಟು ಮಕ್ಕಳ ಬುದ್ಧಿಯನ್ನು ಕದ್ದಿತು?

ಭಾರತದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸ ಹೊರಹೋಯಿತು. ಮನೆಬಳಕೆಯ ಬಣ್ಣಗಳಿಗೆ 2017ರಿಂದ 90 ಪಿಪಿಎಂ ಮಿತಿ ಜಾರಿಯಲ್ಲಿದೆ. ಆದರೆ ಸೀಸವು ಅಡುಗೆಮನೆಯ ಬಾಗಿಲಿನಿಂದ ಒಳಬರುತ್ತಿದೆ. ಅರಿಶಿನದ ಕೊಂಬಿಗೆ ಹೊಳೆಯುವ ಹಳದಿ ಬರಲೆಂದು ಲೆಡ್ ಕ್ರೋಮೇಟ್ ಎಂಬ ಬಣ್ಣವನ್ನು ಸವರುವ ದುಷ್ಟ ಪದ್ಧತಿಯು ಬಾಂಗ್ಲಾದೇಶದಲ್ಲಿ 2019ರ ಸಂಶೋಧನೆಯಿಂದ ಬಯಲಾಯಿತು. 2024ರಲ್ಲಿ ಪ್ರಕಟವಾದ ಅಧ್ಯಯನವು ಪಾಟ್ನಾದ ಮಾರುಕಟ್ಟೆಯಲ್ಲಿಯೂ ಅತಿಯಾದ ಸೀಸವಿದ್ದ ಅರಿಶಿನವನ್ನು ಗುರುತಿಸಿದೆ.

ಇದನ್ನು ತಡೆಯುವುದು ಅಸಾಧ್ಯವೆಂಬ ಮಾತು ಸುಳ್ಳು. ಬಾಂಗ್ಲಾದೇಶದಲ್ಲಿ ಸರ್ಕಾರವು ಮಾರುಕಟ್ಟೆಗಳಲ್ಲಿ ತಪಾಸಣೆ ನಡೆಸಿ, ದಂಡ ವಿಧಿಸಿ, ಜನರಲ್ಲಿ ಅರಿವು ಮೂಡಿಸಿದ ಫಲವಾಗಿ, ಸೀಸ ಕಂಡುಬಂದ ಅರಿಶಿನದ ಮಾದರಿಗಳು 2019ರಲ್ಲಿ ಶೇಕಡ 47ರಷ್ಟಿದ್ದದ್ದು 2021ರಲ್ಲಿ ಸೊನ್ನೆಗೆ ಇಳಿದವು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನುವುದು ಆಲಸ್ಯಕ್ಕೆ ತೊಡಿಸಿದ ಮುಸುಕು ಮಾತ್ರ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವೂ ಒಂದು, ಅಸಲಿಗೆ ನಕಲಿಯನ್ನು ಬೆರೆಸಿ ಮಾರುವುದು ಕಳವಿನ ಸಾಲಿಗೇ ಸೇರಿದ್ದು. ಪ್ರಮಾದದಿಂದ ಆದ ಪ್ರಾಣಘಾತವೇ ಹಿಂಸೆಯೆಂದು ಆಚಾರ್ಯರು ನಿರ್ಣಯಿಸಿದ್ದಾರೆ. ‘ತಿಳಿಯದೆ ಮಾರಿದೆ’ ಎಂಬ ವ್ಯಾಪಾರಿಯ ಸಮಾಧಾನವು ಒಮ್ಮೆ ಒಪ್ಪಬಹುದಾದದ್ದು. ತಿಳಿಯುವ ಸಾಧನವಿದ್ದೂ ಕೇಳದೆ ಮಾರಿದರೆ ಅದು ಪ್ರಮಾದವಲ್ಲದೆ ಬೇರೇನು? ಸೂಕ್ಷ್ಮಜೀವಿಗಳ ರಕ್ಷಣೆಗಾಗಿ ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ, ಮಗುವಿನ ತಟ್ಟೆಗೆ ಬೀಳುವ ಹಳದಿಯ ಮೂಲವನ್ನು ವಿಚಾರಿಸದಿರುವುದು ವಿವೇಕವೆನಿಸದು.

ಕರ್ತವ್ಯ ಸ್ಪಷ್ಟವಾಗಿದೆ. ಬಸದಿಯ ಅಭಿಷೇಕಕ್ಕೂ ಭೋಜನಶಾಲೆಗೂ ಅರಿಶಿನ ಕೊಳ್ಳುವ ಟ್ರಸ್ಟುಗಳು ಪ್ರಯೋಗಾಲಯದ ಪರೀಕ್ಷಾವರದಿಯನ್ನು ಕೇಳಬೇಕು. ಪಾಠಶಾಲೆಯ ಗೋಡೆಗೂ ಕಿಟಕಿಗೂ ಬಳಿಯುವ ಬಣ್ಣ ಸೀಸರಹಿತವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹಳೆಯ ಬ್ಯಾಟರಿಗಳು ಮಕ್ಕಳ ವಾಸದ ನಡುವೆ ಸೀಸ ಕರಗಿಸುವ ಕುಲುಮೆಗಳ ಪಾಲಾಗದಂತೆ ನೋಡಿಕೊಳ್ಳಬೇಕು. ಇದಕ್ಕೆ ಖರ್ಚಾಗುತ್ತದೆಂಬ ಆಕ್ಷೇಪಣೆ ಬರಬಹುದು. ಉತ್ಸವದ ಒಂದು ದಿನದ ಹೂವಿನ ಅಲಂಕಾರಕ್ಕೂ ಖರ್ಚಾಗುತ್ತದೆ. ಆ ಹೂವು ಸಂಜೆಗೆ ಬಾಡುತ್ತದೆ. ಮಗುವಿನ ಮಿದುಳಿಗೆ ಒಮ್ಮೆ ಆದ ಹಾನಿಯಾದರೋ ಬಾಳಿನುದ್ದಕ್ಕೂ ಉಳಿಯುತ್ತದೆ.