ಯಾವ ಭಾಷೆಯಲ್ಲಿ ಶುಶ್ರೂಷೆ?

ಮಾನಸಿಕ ಆಸ್ಪತ್ರೆಯ ದಾದಿಯ ಕೆಲಸವೇನೆಂದು ನಮ್ಮ ಸುಶಿಕ್ಷಿತರನ್ನು ಕೇಳಿದರೆ ಬರುವ ಉತ್ತರ ಒಂದೇ: ರೋಗಿ ಓಡಿಹೋಗದಂತೆ, ಯಾರನ್ನೂ ಹೊಡೆಯದಂತೆ, ತನಗೆ ತಾನೇ ಹಾನಿ ಮಾಡಿಕೊಳ್ಳದಂತೆ ಕಾಯುವುದು. ವೈದ್ಯರು ಗುಣಪಡಿಸುತ್ತಾರೆ, ಮಾತ್ರೆ ತನ್ನ ಕೆಲಸ ಮಾಡುತ್ತದೆ, ದಾದಿ ಕಾಯುತ್ತಾಳೆ. ನಮ್ಮ ವೈದ್ಯಲೇಖಕರು ಛಿದ್ರಮನಸ್ಕತೆ ಎಂದೂ ಇಚ್ಛಿತ್ತವಿಕಲತೆ ಎಂದೂ ಕರೆದಿರುವ ಸ್ಕಿಜೋಫ್ರೇನಿಯಾದ ವಿಷಯದಲ್ಲಿ ಈ ತಿಳಿವಳಿಕೆ ತಪ್ಪಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಹೊರನಾಡಿನಲ್ಲಿರುವ ಕನ್ನಡಿಗರು ಈ ಅಪಾಯದಲ್ಲಿ ಒಂದು ಹೆಚ್ಚಿನ ಪಾಲನ್ನು ಹೊತ್ತಿದ್ದಾರೆಂಬುದು ನನ್ನ ವಾದ.

ಕಾವಲಿನ ಕಲ್ಪನೆಗೆ ದೀರ್ಘ ಚರಿತ್ರೆಯಿದೆ. 1912ರ ‘ಇಂಡಿಯನ್ ಲೂನಸಿ ಆಕ್ಟ್’ 1993ರವರೆಗೆ ಈ ದೇಶದ ಮನೋರೋಗಿಗಳನ್ನು ಆಳಿತು. 1987ರಲ್ಲಿ ಅಂಗೀಕಾರಗೊಂಡ ಹೊಸ ಕಾಯಿದೆ ಜಾರಿಗೆ ಬರಲು ಆರು ವರ್ಷ ಬೇಕಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ 1999ರಲ್ಲಿ ಪ್ರಕಟಿಸಿದ ವರದಿ, ನಮ್ಮ ಅನೇಕ ಮಾನಸಿಕ ಆಸ್ಪತ್ರೆಗಳು ಇನ್ನೂ ಸೆರೆಮನೆಯ ಸ್ವರೂಪವನ್ನು ಕಳಚಿಕೊಂಡಿಲ್ಲವೆಂದು ಹೇಳಿತು. ಎರಡು ವರ್ಷ ಕಳೆಯುವುದರೊಳಗೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ರೋಗಿಗಳ ವಸತಿಗೆ ಬೆಂಕಿ ಬಿದ್ದು 28 ಜನ ಸುಟ್ಟುಹೋದರು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಒಳ್ಳೆಯದೇ. ಆದರೆ ಸರಪಳಿ ಬಿಚ್ಚಿದ ಮೇಲೆ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳಬೇಕಾದವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ 2017ರ ಲೆಕ್ಕದಂತೆ ಭಾರತದಲ್ಲಿ ಮಾನಸಿಕ ಆರೋಗ್ಯದ ಶುಶ್ರೂಷಕರು ಲಕ್ಷ ಜನಸಂಖ್ಯೆಗೆ ಒಬ್ಬರೂ ಇರಲಿಲ್ಲ.

ಪಕ್ಕದಲ್ಲಿ ಕುಳಿತುಕೊಳ್ಳುವುದೆಂದರೆ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ನೆರೆಯವರು ಗೋಡೆಯೊಳಗಿಂದ ತನ್ನನ್ನು ಬೈಯುತ್ತಿದ್ದಾರೆಂದು ನಂಬಿದವನೊಡನೆ ವಾದಕ್ಕಿಳಿದರೆ ಅವನ ನಂಬಿಕೆ ಗಟ್ಟಿಯಾಗುತ್ತದೆ. ಹೌದೆಂದು ತಲೆಯಾಡಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಎರಡನ್ನೂ ಮಾಡದೆ, ‘ನನಗೆ ಆ ದನಿ ಕೇಳಿಸುತ್ತಿಲ್ಲ, ಆದರೆ ನಿಮಗೆ ಅದರಿಂದ ಹೆದರಿಕೆಯಾಗಿದೆಯೆಂಬುದು ಕಾಣುತ್ತಿದೆ’ ಎಂದು ಹೇಳುವುದು ಕಲಿತು ಪಡೆಯಬೇಕಾದ ವಿದ್ಯೆ. ದನಿ ಏನು ಹೇಳುತ್ತಿದೆಯೆಂದು ಕೇಳಲೇಬೇಕು. ಅದು ಬರಿಯ ಬೈಗಳೋ, ‘ಹಾರು’ ಎಂಬ ಆಜ್ಞೆಯೋ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ಹೊಸದಾಗಿ ಔಷಧ ಆರಂಭಿಸಿದವನ ಕತ್ತು ಸೆಟೆದುಕೊಂಡಿತೇ, ಜ್ವರದೊಡನೆ ಮೈ ಬಿಗಿಯಿತೇ ಎಂದು ಮೊದಲು ಕಾಣುವವಳು ದಾದಿ. ಕ್ಲೋಜಪೀನ್ ಸೇವಿಸುವವನ ಗಂಟಲುನೋವನ್ನು ಮಳೆಗಾಲದ ಶೀತವೆಂದು ತಳ್ಳಿಹಾಕದೆ ರಕ್ತಪರೀಕ್ಷೆಗೆ ಕಳುಹಿಸಬೇಕಾದವಳೂ ಅವಳೇ, ಏಕೆಂದರೆ ಆ ಔಷಧ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಕುಗ್ಗಿಸುತ್ತದೆ. ತೂಕ, ಸಕ್ಕರೆ, ರಕ್ತದೊತ್ತಡಗಳ ಲೆಕ್ಕವೂ ಇವಳದೇ. ಸ್ಕಿಜೋಫ್ರೇನಿಯಾ ಇರುವವರು ಇತರರಿಗಿಂತ ಬೇಗ ಸಾಯುವುದಕ್ಕೆ ಹೃದ್ರೋಗದಂತಹ ದೇಹದ ಕಾಯಿಲೆಗಳು ಮುಖ್ಯ ಕಾರಣಗಳು. ಮನೋರೋಗಕ್ಕೆ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದದ್ದು 1952ರಲ್ಲಿ. ದಾದಿ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಸಾಧನವೆಂದು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ ಗ್ರಂಥ ಪ್ರಕಟಿಸಿದ್ದೂ ಅದೇ ವರ್ಷ. ಮೊದಲನೆಯದು ನಮ್ಮ ಔಷಧದಂಗಡಿಗಳನ್ನು ಸೇರಿತು. ಎರಡನೆಯದು ನರ್ಸಿಂಗ್ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಉಳಿಯಿತು.

ಈಗ ನಮ್ಮ ಹೆಚ್ಚಿನ ಪಾಲಿಗೆ ಬರೋಣ. ಹೃದಯದ ಬೇನೆಗೆ ಇ.ಸಿ.ಜಿ. ಇದೆ, ಮೂಳೆಗೆ ಎಕ್ಸ್‌ರೇ ಇದೆ. ಈ ರೋಗವನ್ನು ಅಳೆಯಲು ಇರುವ ಸಾಧನ ಮಾತೊಂದೇ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದವನು ಗಿರಾಕಿಗಳೊಡನೆ ಹಿಂದಿಯಲ್ಲೂ ಮರಾಠಿಯಲ್ಲೂ ವ್ಯವಹರಿಸಿಯಾನು. ಹೆದರಿದಾಗ ಅವನು ತನ್ನ ಕನ್ನಡಕ್ಕೋ ತುಳುವಿಗೋ ಮರಳುತ್ತಾನೆ. ಔಷಧದ ದುಷ್ಪರಿಣಾಮದಿಂದ ಅವನಿಗೆ ಒಂದೆಡೆ ಕೂರಲಾಗದ, ಕಾಲು ನೆಲಕ್ಕೂರಲಾಗದ ತಳಮಳ ಹತ್ತಿದೆಯೆನ್ನಿ. ತನ್ನ ಭಾಷೆಯಲ್ಲಾದರೆ ‘ತಲೆ ಸರಿಯಿದೆ ತಾಯಿ, ಕಾಲೇ ನಿಲ್ಲುತ್ತಿಲ್ಲ’ ಎಂದಾನು. ಹರಕು ಹಿಂದಿಯಲ್ಲಿ ಅದು ‘ಬೇಚೈನಿ’ ಎಂಬ ಒಂದೇ ಪದಕ್ಕೆ ಇಳಿಯುತ್ತದೆ. ಉದ್ರೇಕ ಹೆಚ್ಚಿದೆಯೆಂದು ದಾಖಲಾಗುತ್ತದೆ, ಔಷಧ ಏರುತ್ತದೆ, ಔಷಧವೇ ತಂದ ತಳಮಳ ಅದರೊಡನೆ ಏರುತ್ತದೆ, ಕೊನೆಗೆ ಅವನನ್ನು ಹಾಸಿಗೆಗೆ ಕಟ್ಟುತ್ತಾರೆ. ಇದರಲ್ಲಿ ಯಾರ ಕ್ರೌರ್ಯವೂ ಇರಬೇಕಾಗಿಲ್ಲ. ಒಂದು ವಾಕ್ಯ ಅರ್ಥವಾಗದಿದ್ದರೆ ಸಾಕು.

ಇನ್ನು ಯೋಚನೆಯ ಕೊಂಡಿ ಕಳಚಿದೆಯೇ ಎಂಬುದನ್ನು ಮಾತಿನ ಕೊಂಡಿಯಿಂದಲೇ ಊಹಿಸಬೇಕಷ್ಟೆ. ಪರಭಾಷೆಯಲ್ಲಿ ತಡವರಿಸುವವನ ಮಾತಿಗೆ ಕೊಂಡಿಯೆಲ್ಲಿಂದ ಬರಬೇಕು? ‘ಮೈಮೇಲೆ ಬಂತು’ ಎಂಬ ಮಾತನ್ನೇ ತೆಗೆದುಕೊಳ್ಳಿ. ತುಳುನಾಡಿನವನ ಬಾಯಲ್ಲಿ ಅದು ಊರೇ ಕಂಡ ಆರಾಧನೆಯ ಸಂಗತಿಯಾಗಿರಬಹುದು, ರೋಗದ ಲಕ್ಷಣವೂ ಆಗಿರಬಹುದು. ಭೂತಕೋಲವೆಂದರೇನೆಂದು ತಿಳಿಯದವರು ಎಲ್ಲವನ್ನೂ ಭ್ರಮೆಯೆಂದು ಬರೆದುಕೊಳ್ಳುತ್ತಾರೆ. ಸಂಪ್ರದಾಯಕ್ಕೆ ಅತಿಗೌರವ ತೋರುವವರು ನಿಜವಾದ ಭ್ರಮೆಯನ್ನೂ ನಂಬಿಕೆಯೆಂದು ಬಿಟ್ಟುಬಿಡುತ್ತಾರೆ.

‘ಇದಕ್ಕೆಲ್ಲ ಮನೆಯವರಿದ್ದಾರಲ್ಲ’ ಎಂಬುದು ಸಿದ್ಧ ಉತ್ತರ. ಭಾರತೀಯ ಕುಟುಂಬದ ಹಿರಿಮೆಗೆ ವಿಜ್ಞಾನದ ಮುದ್ರೆಯೂ ದೊರೆತಿದೆ: ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಆಗ್ರಾ ಸೇರಿದಂತೆ ಅಭಿವೃದ್ಧಿಶೀಲ ದೇಶಗಳ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡರೆಂಬ ಫಲಿತಾಂಶ ಬಂತು. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ನಮ್ಮ ಭಾಷಣಕಾರರಿಗೆ ಮಾತ್ರ ಅದು ಕೈ ತೊಳೆದುಕೊಳ್ಳಲು ಸಿಕ್ಕ ನೀರು. ಕುಟುಂಬವೆಂದರೆ ವಾಸ್ತವದಲ್ಲಿ ಯಾರು? ಒಬ್ಬ ತಾಯಿ, ಇಲ್ಲವೇ ಒಬ್ಬ ಹೆಂಡತಿ. ಒಂದು ಕೋಣೆಯ ಮನೆಯಲ್ಲಿ ರಾತ್ರಿಯಿಡೀ ಎಚ್ಚರಿದ್ದು, ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸಿ, ಗುಟ್ಟು ಬಯಲಾದ ದಿನ ‘ವಿಷ ಹಾಕುತ್ತಿದ್ದೀಯೆ’ ಎಂದು ಮಗನಿಂದಲೇ ಕೇಳಿಸಿಕೊಳ್ಳುವವಳು. ಅವಳಿಗೆ ಯಾರೂ ಏನನ್ನೂ ಕಲಿಸಿಲ್ಲ. ಕಲಿಸಲಾಗದೇ? 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮನೋರೋಗಿಗಳ ಆರೈಕೆಯನ್ನು ಕಲಿಸಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮಲ್ಲಿ ಬೇರೊಂದು ರೂಢಿಯಿದೆ: ತಾಯಿಗೆ ಕೈಲಾಗದಾದಾಗ ರೋಗಿಯನ್ನು ‘ಊರಿಗೆ’ ಕಳುಹಿಸುವುದು. ಊರಿನಲ್ಲಿರುವವರು ಇವಳಿಗಿಂತ ಮುದುಕರು.

ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಮದರಾಸಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಬಳಿಕ, 1984ರಲ್ಲಿ, ಸ್ಕಿಜೋಫ್ರೇನಿಯಾ ಇರುವವರ ಚಿಕಿತ್ಸೆ ಹಾಗೂ ಪುನರ್ವಸತಿಗೆಂದೇ ‘ಸ್ಕಾರ್ಫ್’ ಸಂಸ್ಥೆಯನ್ನು ಕಟ್ಟಿದರು. ನಮ್ಮ ಸಂಘಗಳೇನು ಕಟ್ಟಿದವು? ರಾಜ್ಯೋತ್ಸವದ ಕಮಾನುಗಳನ್ನು ಕಟ್ಟಿದೆವು. ಕನ್ನಡದಲ್ಲಿ ಈ ವಿಷಯಕ್ಕೆ ಮಾತೇ ಇಲ್ಲವೆನ್ನುವಂತಿಲ್ಲ; ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿದೆ. ಭಾಷೆಯ ಉಳಿವಿನ ಬಗ್ಗೆ ನಿರ್ಣಯ ಸ್ವೀಕರಿಸುವ ನಾವು, ಅದೇ ಭಾಷೆಯಲ್ಲಿ ಒಬ್ಬ ನರಳುವಾಗ ಅವನ ಮಾತು ಕೇಳಲು ಒಂದು ಕಿವಿಯನ್ನಾದರೂ ಒದಗಿಸಿದ್ದೇವೆಯೇ?

ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಈ ಮಹಾನಗರಗಳ ಆಸ್ಪತ್ರೆಗಳಲ್ಲಿ ಕರಾವಳಿಯಿಂದ ಬಂದ ದಾದಿಯರಿದ್ದಾರೆ. ವಾರ್ಷಿಕೋತ್ಸವದಲ್ಲಿ ಹೂಗುಚ್ಛ ಕೊಡಲು ಅವರನ್ನು ಕರೆಯುವುದನ್ನು ಬಿಟ್ಟು, ರೋಗಿಗಳ ಮನೆಯವರಿಗೆ ತಿಂಗಳಿಗೊಂದು ತರಗತಿ ನಡೆಸಿಕೊಡಿರೆಂದು ಕೇಳಬೇಕು, ಅದಕ್ಕೆ ಸಂಭಾವನೆ ಕೊಡಬೇಕು. ದುಭಾಷಿಗಳ ಪಟ್ಟಿಯೊಂದು ಬೇಕು. ಆದರೆ ದುಭಾಷಿಯಾಗಿ ಹೋಗುವವರು ಅದೇ ಸಂಘದ ಪದಾಧಿಕಾರಿಗಳಾಗಿರಬಾರದು. ವಾರ್ಡಿನಲ್ಲಿ ಕೇಳಿದ್ದು ತಂಗಿಯ ಮದುವೆಯ ಮಾತುಕತೆಯಲ್ಲಿ ಮರುದನಿಸುವ ಭಯವಿದ್ದರೆ ಯಾರೂ ಬಾಯಿ ಬಿಡಲಾರರು. ಮುಖ್ಯವಾಗಿ, 2017ರ ಕಾಯಿದೆ ರೋಗಿಯ ಒಪ್ಪಿಗೆಯನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿ ಪಡೆಯಬೇಕೆಂದೂ, ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ಅದೇ ರೀತಿ ಕೊಡಬೇಕೆಂದೂ ವಿಧಿಸಿದೆ. ಇದು ದಯೆಯಲ್ಲ, ಹಕ್ಕು. ಮುಂದಿನ ಸಲ ನಮ್ಮವರೊಬ್ಬರ ಸಹಿ ಬಿದ್ದ ಒಪ್ಪಿಗೆಪತ್ರವನ್ನು ಕಂಡಾಗ, ಇದನ್ನು ಯಾರು, ಯಾವ ಭಾಷೆಯಲ್ಲಿ ಇವರಿಗೆ ಓದಿಹೇಳಿದರೆಂದು ಸಂಘದ ಮೊಹರಿನಡಿ ಲಿಖಿತವಾಗಿ ಕೇಳೋಣ. ಉತ್ತರ ಬಾರದಿದ್ದರೆ ಅದೇ ಕಾಯಿದೆಯಡಿ ರಚಿತವಾಗುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂದೆ ರೋಗಿಯ ಪರವಾಗಿ ದೂರು ಸಲ್ಲಿಸಲು ಮನೆಯವರಿಗೆ ನೆರವಾಗೋಣ.