ಎಂ-60 ಕಾಂಕ್ರೀಟ್‌ಗೆ ಸೈಟಿನಲ್ಲಿ ನೀರು ಬೇಡ

ಬೆಂಗಳೂರಿನಲ್ಲಿ ಮೂವತ್ತು, ನಲವತ್ತು ಮಹಡಿಗಳ ಕಟ್ಟಡಗಳು ಏಳುತ್ತಿವೆ. ಅವುಗಳ ಕೆಳಮಹಡಿಯ ಕಂಬಗಳಿಗೆ ಎಂ-60, ಎಂ-70 ದರ್ಜೆಯ ಹೆಚ್ಚು ಬಲದ ಕಾಂಕ್ರೀಟ್ ಬೇಕು. ಆದರೆ ಬಹಳಷ್ಟು ಸೈಟುಗಳ ಅಭ್ಯಾಸ ಇನ್ನೂ ಎಂ-20 ಕಾಲದ್ದೇ. ಅಪಾಯ ಇರುವುದು ಅಲ್ಲಿ. ಬಿರುಕು ಕಣ್ಣಿಗೆ ಬಿದ್ದ ಮೇಲೆ ಇದನ್ನು ಹೇಳಿ ಪ್ರಯೋಜನವಿಲ್ಲ.

ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ರೆಡಿಮಿಕ್ಸ್ ಲಾರಿ ತಡವಾಗಿ ಬರುತ್ತದೆ. ಮಾಲು ಬಿಗಿಯಾಗಿರುತ್ತದೆ, ಪಂಪ್ ಎಳೆಯುವುದಿಲ್ಲ. ‘ಸ್ವಲ್ಪ ನೀರು ಬಿಡಿ’ ಎಂದು ಯಾರೋ ಕೂಗುತ್ತಾರೆ, ಚಾಲಕ ಪೈಪ್ ತಿರುಗಿಸುತ್ತಾನೆ. ಲೆಕ್ಕ ಹಾಕಿ ನೋಡಿ. ಲಾರಿಯಲ್ಲಿ 6 ಘನ ಮೀಟರ್ ಮಾಲಿದೆ. ಘನ ಮೀಟರಿಗೆ ಸಿಮೆಂಟ್, ಹಾರುಬೂದಿ, ಸಿಲಿಕಾ ಫ್ಯೂಮ್ ಸೇರಿ 500 ಕೆ.ಜಿ. ಎಂದುಕೊಳ್ಳಿ. ಒಟ್ಟು 3,000 ಕೆ.ಜಿ. ಪುಡಿಗೆ 0.30 ಅನುಪಾತದಲ್ಲಿ ನೀರು 900 ಲೀಟರ್. ಅದರ ಮೇಲೆ 100 ಲೀಟರ್ ಬಿಟ್ಟರೆ ಅನುಪಾತ 0.33 ದಾಟುತ್ತದೆ. ಆ ಮೇಲೆ ಅದನ್ನು ಎಂ-60 ಎಂದು ನಂಬುವಂತಿಲ್ಲ.

ಕಾಂಕ್ರೀಟ್‌ನ ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ರಿಪೋರ್ಟ್ ಇದೆಯಲ್ಲ ಎನ್ನಬಹುದು. ನೀರು ಬಿಡುವ ಮೊದಲು ತುಂಬಿದ ಕ್ಯೂಬ್ ಚೆನ್ನಾಗಿಯೇ ಪಾಸಾಗುತ್ತದೆ. ಅದು ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ, ಕಂಬ ಗಾಳಿ ಬಿಸಿಲಿಗೆ ಒಣಗುತ್ತಿರುತ್ತದೆ. 28 ದಿನದ ಫಲಿತಾಂಶ ಬರುವ ಹೊತ್ತಿಗೆ ಆ ಕಂಬದ ಮೇಲೆ ಮೂರ್ನಾಲ್ಕು ಸ್ಲ್ಯಾಬ್ ಬಿದ್ದಿರುತ್ತವೆ. ಹಾಗಾಗಿ ಕ್ಯೂಬಿಗೆ ಮಾಲು ತೆಗೆಯುವುದು ಸೈಟಿನಲ್ಲಿ, ಎಲ್ಲ ಹೊಂದಾಣಿಕೆ ಮುಗಿದ ನಂತರ. ಏಳನೇ ದಿನದ ಫಲಿತಾಂಶ ಕಡಿಮೆ ಬಂದರೆ ಅಂದೇ ಮೇಲಿನ ಕೆಲಸ ನಿಲ್ಲಬೇಕು.

ಮಾಲು ಬಿಗಿಯಾದರೆ ದಾರಿ ಇಲ್ಲವೆಂದಲ್ಲ. ದಾರಿಯಲ್ಲಿ ಹಿಡಿಯುವ ಸಮಯ ಲೆಕ್ಕ ಹಾಕಿ, ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕದ ಪ್ರಮಾಣವನ್ನು ಪ್ಲಾಂಟಿನಲ್ಲೇ ಟ್ರಯಲ್ ಮಾಡಿ ಗೊತ್ತುಮಾಡಿಕೊಳ್ಳಬೇಕು. ಸೈಟಿನಲ್ಲಿ, ನೀರು ಹೆಚ್ಚಿಸದೆ ಮಾಲನ್ನು ಸಡಿಲಗೊಳಿಸುವ ಸೂಪರ್‌ಪ್ಲಾಸ್ಟಿಸೈಸರ್ ಸೇರಿಸುವುದಾದರೆ ಮೊದಲೇ ಪರೀಕ್ಷಿಸಿದ ಮಿತಿಯೊಳಗೆ, ಪ್ಲಾಂಟಿನ ತಂತ್ರಜ್ಞನ ಕೈಯಿಂದಲೇ ಆಗಬೇಕು. ಡ್ರಮ್ ಚೆನ್ನಾಗಿ ತಿರುಗಿಸಿ ಮತ್ತೆ ಸ್ಲಂಪ್ (ಮಾಲು ಎಷ್ಟು ಸಡಿಲವಿದೆ ಎಂಬ ಅಳತೆ) ನೋಡಬೇಕು. ಎಂ-ಸ್ಯಾಂಡ್‌ನ ತೇವವನ್ನೂ ಮರೆಯುವಂತಿಲ್ಲ. 700 ಕೆ.ಜಿ. ಮರಳಿನ ಮೈಮೇಲೆ ಶೇ 5ರಷ್ಟು ನೀರಿದ್ದರೆ ಘನ ಮೀಟರಿಗೆ 35 ಲೀಟರ್ ತಾನಾಗಿಯೇ ಸೇರಿಬಿಡುತ್ತದೆ. ಮಳೆ ಬಂದ ಮರುದಿನ ಹಿಂದಿನ ದಿನದ ಅಳತೆ ನಡೆಯುವುದಿಲ್ಲ.

ಇನ್ನು ಕ್ಯೂರಿಂಗ್. ಈ ಕಾಂಕ್ರೀಟ್‌ನಲ್ಲಿ ಮೇಲೆ ಒಸರುವ ನೀರು ಬಹಳ ಕಡಿಮೆ. ಮಾರ್ಚ್‌ನ ಒಣಗಾಳಿಗೆ ಸ್ಲ್ಯಾಬಿನ ಮೈ ಕೆಲವೇ ಗಂಟೆಗಳಲ್ಲಿ ಬಿರಿಯುತ್ತದೆ. ಮರುದಿನ ಬೆಳಿಗ್ಗೆ ನೀರು ಹೊಡೆದರೆ ತಡವಾಯಿತು. ಮೇಲ್ಮೈ ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಕಂಬದ ಶಟರಿಂಗ್ ಬಿಚ್ಚಿದ ದಿನವೇ ಒದ್ದೆ ಗೋಣಿ ಸುತ್ತಿ. ಹಾರುಬೂದಿಯಂಥವು ಬೆರೆತಿದ್ದು ಹವೆ ಬಿಸಿಯಾಗಿ ಒಣಗಿದ್ದರೆ ಭಾರತೀಯ ಮಾನಕ ಐಎಸ್ 456 ಕನಿಷ್ಠ 10 ದಿನದ ಕ್ಯೂರಿಂಗ್ ಕೇಳುತ್ತದೆ, 14 ದಿನ ಮಾಡಿ ಎನ್ನುತ್ತದೆ.

ಬಿಲ್ಡರುಗಳಲ್ಲಿ ಒಂದು ಒತ್ತಾಯ: ಕೆಟ್ಟ ಮಾಲನ್ನು ವಾಪಸ್ ಕಳಿಸುವ ಅಧಿಕಾರವನ್ನು ಸೈಟ್ ಎಂಜಿನಿಯರ್‌ಗೆ ಲಿಖಿತವಾಗಿ ಕೊಡಿ, ಕಳಿಸಿದ್ದಕ್ಕೆ ಅವರನ್ನು ಬೈಯಬೇಡಿ.